ಕುಂಬಾರನ ಆವಿಗೆ: ಎಲ್ಲ ಬೆಂಕಿಯೂ ದೇವರದಲ್ಲ

ಯುವಜನ ಆರಾಧನೆಯ ಸಂದೇಶ, ಅಧ್ಯಯನ ರೂಪದಲ್ಲಿ
ವಾಕ್ಯಭಾಗಗಳು: ಯೆರೆಮೀಯ 18:1-6, ಯೆರೆಮೀಯ 19:1-11, ದಾನಿಯೇಲ 3:19-27, ಮತ್ತಾಯ 27:3-10, 2 ಕೊರಿಂಥ 4:7-9

ಕೂತ್ಕೊಳ್ಳಿ ಪ್ರಿಯರೇ. ಬೈಬಲ್ ತಂದಿರುವವರು ಬೈಬಲ್, ಫೋನಲ್ಲಿ ಇರುವವರು ಫೋನ್ ತೆಗೆಯಿರಿ. ನೋಟಿಫಿಕೇಶನ್ ಮಾತ್ರ ಆಫ್ ಮಾಡಿಬಿಡಿ. ಯೆರೆಮೀಯ 18ರಲ್ಲಿ ಒಂದು ಬೆರಳು, 19ರಲ್ಲಿ ಒಂದು ಬೆರಳು ಇಟ್ಕೊಳ್ಳಿ. ಎರಡೂ ಬೇಕಾಗುತ್ತೆ.

ನಾವು ಪೆಂತೆಕೋಸ್ತ್ ಜನ. ಬೆಂಕಿ ಅಂದ್ರೆ ಸಾಕು, ಚಪ್ಪಾಳೆ ತಟ್ತೀವಿ. "ಕರ್ತನೇ, ಬೆಂಕಿ ಕಳಿಸು" ಅಂತ ಹಾಡ್ತೀವಿ. ಅದು ತಪ್ಪಲ್ಲ. ಆದರೆ ಇವತ್ತು ಬೆಂಕಿಯ ಬಗ್ಗೆ ನಾನೇ ಮಾಡಿದ ಒಂದು ತಪ್ಪನ್ನು ಮೊದಲು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದೆ ಈ ವಾಕ್ಯ ಬೋಧಿಸುವ ಧೈರ್ಯ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ತಮ್ಮ ಆರಾಧನೆ ಮುಗಿದ ಮೇಲೆ ಪ್ರಾರ್ಥನೆಗೆ ಬಂದ. ಹೆಸರು ಹೇಳಲ್ಲ. ಈ ವಿಷಯ ಹೇಳೋಕೆ ಅವನ ಅನುಮತಿ ಕೇಳಿದ್ದೇನೆ. ಪಿ.ಜಿ.ಯಲ್ಲಿ ಇದ್ದ, ಒಂದು ಕಂಪನಿಯಲ್ಲಿ ಕೆಲಸ ಮಾಡ್ತಿದ್ದ. "ಪಾಸ್ಟರ್, ಆಫೀಸಲ್ಲಿ ತುಂಬಾ ಕಷ್ಟ ಆಗ್ತಿದೆ" ಅಂದ. ಹಿಂದೆ ಇನ್ನೂ ಹತ್ತು ಜನ ಸಾಲಲ್ಲಿ ನಿಂತಿದ್ದರು. ಏನು ಕಷ್ಟ ಅಂತ ನಾನು ಕೇಳಲಿಲ್ಲ. ತಲೆ ಮೇಲೆ ಕೈಯಿಟ್ಟು, "ಬ್ರದರ್, ಕರ್ತನು ನಿಮ್ಮನ್ನ ಆವಿಗೆಯಲ್ಲಿ ಇಟ್ಟಿದ್ದಾನೆ. ಕುಂಬಾರ ತೆಗೆಯುವವರೆಗೆ ಮಡಕೆ ಹೊರಗೆ ಬರಬಾರದು" ಅಂತ ಹೇಳಿ ಪ್ರಾರ್ಥಿಸಿ ಕಳಿಸಿದೆ. ಎರಡು ನಿಮಿಷ ಆಗಿರಬಹುದು. ಒಳ್ಳೆ ಮಾತು ಹೇಳಿದೆ ಅಂತಲೇ ಅಂದ್ಕೊಂಡೆ.

ಆ ತಮ್ಮ ನನ್ನ ಮಾತನ್ನು ಹಾಗೇ ನಂಬಿಬಿಟ್ಟ. ಅವನ ಮೇಲಿನವನು ದಿನಾ ಎಲ್ಲರ ಮುಂದೆ ಬೈತಿದ್ದ, ರಾತ್ರಿ ಮೂರು ಗಂಟೆಗೆ ಕರೆ ಮಾಡ್ತಿದ್ದ, ರಜೆ ಕೇಳಿದರೆ ಅಣಕಿಸ್ತಿದ್ದ. ಬೇರೆ ಕಡೆ ಕೆಲಸ ಸಿಕ್ಕಿತ್ತು. ಆದರೂ ಹೋಗಲಿಲ್ಲ. ಎಂಟು ತಿಂಗಳು ಅಲ್ಲೇ ಇದ್ದ. ನಿದ್ದೆ ಹೋಯ್ತು, ಊಟ ಹೋಯ್ತು, ಕೊನೆಗೆ ಒಂದು ದಿನ ಕುಸಿದು ಬಿದ್ದ. ಮನೆಯವರು ಬಂದು ಊರಿಗೆ ಕರ್ಕೊಂಡು ಹೋದರು. ತುಂಬಾ ದಿನದ ಮೇಲೆ ಫೋನಲ್ಲಿ ಹೇಳಿದ: "ಪಾಸ್ಟರ್, ಆವಿಗೆಯಿಂದ ತಾನಾಗೇ ಎದ್ದು ಬರೋ ಮಡಕೆ ಉಂಟಾ ಅಂತ ನಾನು ಅಲ್ಲೇ ಕೂತಿದ್ದೆ."

ಆ ಒಂದು ಮಾತಿನಿಂದ ಎಷ್ಟೋ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆವಿಗೆ, ಆವಿಗೆ ಅಂತ ಇಷ್ಟು ವರ್ಷ ಬೋಧಿಸಿದ್ದೀನಲ್ಲ, ಆವಿಗೆ ಅಂದ್ರೆ ಏನು ಅಂತ ನನಗೆ ಗೊತ್ತಾ? ಅಲ್ಲಿಂದ ಓದೋಕೆ ಶುರು ಮಾಡಿದೆ. ಹಾಗೆ ಓದ್ತಾ ಸಿಕ್ಕಿದ್ದು, ಯೇಸುಸ್ವಾಮಿಯ ಶಿಷ್ಯರು ಬದುಕಿದ್ದ ಶತಮಾನದಲ್ಲೇ ಉರಿಯುತ್ತಿದ್ದ ರೋಮನ್ ಕುಂಬಾರರ ಊರೊಂದು. ಇವತ್ತಿನ ಪಾಠ ಅಲ್ಲಿಂದ.

ಮಣ್ಣಿನಡಿ ಸಿಕ್ಕಿದ ಆವಿಗೆ

ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಮಿಯೋ ಅಂತ ಒಂದು ಊರು. ಮೋಡಗಳ ಮೇಲೆ ನಿಂತ ಹಾಗೆ ಕಾಣುವ ಒಂದು ಸೇತುವೆಯ ಫೋಟೋ ನಿಮ್ಮಲ್ಲಿ ಕೆಲವರು ನೋಡಿರ್ತೀರಿ. 2004ರಲ್ಲಿ ತೆರೆದ, 343 ಮೀಟರ್ ಎತ್ತರದ ಆ ಸೇತುವೆ ಇರೋದು ಅದೇ ಊರಿನ ಹತ್ತಿರ. ಊರಿನ ಪಕ್ಕದಲ್ಲಿ ತಾರ್ನ್ ಮತ್ತು ದೂರ್ಬಿ ಅನ್ನುವ ಎರಡು ನದಿಗಳು ಸೇರುತ್ತವೆ. ಅಲ್ಲಿರುವ ಬಯಲಿನ ಹೆಸರು ಲಾ ಗ್ರೋಫಜಾಂಕ್. ರೋಮನ್ನರ ಕಾಲದಲ್ಲಿ ಅದನ್ನು ಕೊಂಡಾಟೋಮಾಗಸ್ ಅಂತ ಕರೆಯುತ್ತಿದ್ದರು. "ನದಿಗಳು ಕೂಡುವ ಕಡೆಯ ಸಂತೆ" ಅಂತ ಅರ್ಥ.

ಕ್ರಿಸ್ತಶಕ ಮೊದಲ ಶತಮಾನದಲ್ಲಿ ಅಲ್ಲಿ ನೂರಾರು ಕುಂಬಾರರು ಕೆಲಸ ಮಾಡ್ತಿದ್ದರು. ಕೆಂಪಗೆ, ಕನ್ನಡಿಯಂತೆ ಹೊಳೆಯುವ ತಟ್ಟೆ, ಬಟ್ಟಲುಗಳನ್ನು ಮಾಡಿ ಬ್ರಿಟನ್, ಜರ್ಮನಿ, ಸ್ಪೇನ್, ಉತ್ತರ ಆಫ್ರಿಕಾದವರೆಗೆ ಕಳಿಸುತ್ತಿದ್ದರು. ಪೊಂಪೇಯಿ ಪಟ್ಟಣ ಕ್ರಿಸ್ತಶಕ 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋಯಿತಲ್ಲ, ಅಲ್ಲಿ 1881ರಲ್ಲಿ ಅಗೆದಾಗ ಇನ್ನೂ ಬಿಚ್ಚಿರದ ಒಂದು ಪೆಟ್ಟಿಗೆ ಸಿಕ್ಕಿತು. ಒಳಗೆ 90 ಕೆಂಪು ಬಟ್ಟಲುಗಳು, 37 ದೀಪಗಳು. ಆ ಬಟ್ಟಲುಗಳು ದಕ್ಷಿಣ ಫ್ರಾನ್ಸಿನ ಈ ಕುಂಬಾರರ ನಾಡಿನಿಂದ ಬಂದವು. ಡೆಲಿವರಿ ಆಗಿದೆ, ಆದರೆ ಬಿಚ್ಚಿ ನೋಡೋಕೆ ಅವರಿಗೆ ಸಮಯ ಸಿಗಲಿಲ್ಲ.

ನಮ್ಮ ಕಡೆಗೂ ಇದರ ನೆಂಟಸ್ತಿಕೆ ಇದೆ. ಇದೇ ಜಾತಿಯ ಕೆಂಪು ತಟ್ಟೆಗಳು, ಆದರೆ ಇಟಲಿಯಲ್ಲಿ ಮಾಡಿದವು, ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಸಿಕ್ಕಿವೆ. 1945ರಲ್ಲಿ ಅಲ್ಲಿ ಅಗೆದ ಮಾರ್ಟಿಮರ್ ವೀಲರ್, 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆದರು. ಚಂದ್ರವಳ್ಳಿಯಲ್ಲಿ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆ. ತಿಬೇರಿಯಸ್ ಯಾರು? ಲೂಕ 3:1 ತೆಗೆದು ನೋಡಿ. ಸ್ನಾನಿಕ ಯೋಹಾನ ಸೇವೆ ಆರಂಭಿಸಿದಾಗ ಆಳುತ್ತಿದ್ದ ಕೈಸರ. ಬೈಬಲ್ ಕಾಲ ಅಂದ್ರೆ ಎಲ್ಲೋ ಆಕಾಶದಲ್ಲಿ ನಡೆದದ್ದಲ್ಲ ಪ್ರಿಯರೇ. ಅದರ ನಾಣ್ಯ ನಮ್ಮ ಚಿತ್ರದುರ್ಗದ ಮಣ್ಣಲ್ಲೂ ಬಿದ್ದಿದೆ.

ಲಾ ಗ್ರೋಫಜಾಂಕ್‌ನಲ್ಲಿ ಮೊದಮೊದಲು ಅಗೆದವರಲ್ಲಿ ಕ್ರೈಸ್ತ ಗುರುಗಳೇ ಇದ್ದರು. ಫ್ರೆಡರಿಕ್ ಎರ್ಮೆ ಅನ್ನುವ ಗುರು 20ನೇ ಶತಮಾನದ ಆರಂಭದಲ್ಲಿ ಅಗೆದು, ಸಿಕ್ಕಿದ್ದನ್ನೆಲ್ಲ ದೊಡ್ಡ ಪುಸ್ತಕವಾಗಿ 1934ರಲ್ಲಿ ಪ್ರಕಟಿಸಿದರು. ಆಮೇಲೆ 1980ರ ಆಸುಪಾಸಿನಲ್ಲಿ ಅಲೆನ್ ವೆರ್ನೆ ಅನ್ನುವ ಪುರಾತತ್ತ್ವಜ್ಞರ ತಂಡಕ್ಕೆ ಒಂದು ದೊಡ್ಡ ಆವಿಗೆ ಸಿಕ್ಕಿತು. ಸುಮಾರು 11 ಮೀಟರ್ ಉದ್ದ, ಸುಮಾರು 7 ಮೀಟರ್ ಅಗಲ. ನಮ್ಮ ಈ ಹಾಲ್ ಇದೆಯಲ್ಲ, ಹೆಚ್ಚುಕಡಿಮೆ ವೇದಿಕೆಯಿಂದ ಆ ಕಂಬದವರೆಗೆ. ಒಂದೇ ಸಲಕ್ಕೆ 30,000ಕ್ಕೂ ಹೆಚ್ಚು ಪಾತ್ರೆಗಳನ್ನು ಅದರಲ್ಲಿ ಸುಡಬಹುದಿತ್ತು ಅಂತ ಅಂದಾಜು. ಈ ದೊಡ್ಡ ಆವಿಗೆ ಮೊದಲ ಶತಮಾನದ ಕೊನೆಯ ಕಾಲದ್ದು. ಆದರೆ ಪೌಲನು ಕೊರಿಂಥದವರಿಗೆ ಮಣ್ಣಿನ ಪಾತ್ರೆಯೊಳಗಿನ ನಿಕ್ಷೇಪದ ಬಗ್ಗೆ ಬರೆದ ದಿನಗಳಲ್ಲೂ ಆ ಊರಿನ ಬೇರೆ ಆವಿಗೆಗಳು ಉರಿಯುತ್ತಲೇ ಇದ್ದವು.

ಈ ಆವಿಗೆಯಿಂದ ನಾನು ನಾಲ್ಕು ವಿಷಯ ಕಲಿತೆ. ಬರ್ಕೊಳ್ಳಿ.

1. ಒಣಗದ ಪಾತ್ರೆಯನ್ನು ಕುಂಬಾರ ಬೆಂಕಿಗೆ ಹಾಕುವುದಿಲ್ಲ

ತಿಗರಿಯಿಂದ ಇಳಿಸಿದ ಮಡಕೆ ನೋಡೋಕೆ ಪೂರ್ತಿ ಆಗಿದೆ ಅನ್ನಿಸುತ್ತೆ. ಆದರೆ ಮಣ್ಣಿನೊಳಗೆ ಇನ್ನೂ ನೀರು ಇರುತ್ತೆ. ಹಾಗೇ ಬೆಂಕಿಗೆ ಇಟ್ಟರೆ ಆ ನೀರು ಆವಿಯಾಗಿ, ಹೊರಗೆ ಹೋಗೋಕೆ ದಾರಿ ಇಲ್ಲದೆ ಮಡಕೆಯನ್ನೇ ಸಿಡಿಸಿಬಿಡುತ್ತೆ. ಒಡೆಯೋದು ಅದೊಂದೇ ಅಲ್ಲ, ಪಕ್ಕದಲ್ಲಿರುವವನ್ನೂ ಒಡೆಯುತ್ತೆ. ಅದಕ್ಕೇ ಕುಂಬಾರ ಪಾತ್ರೆಗಳನ್ನು ದಿನಗಟ್ಟಲೆ ನೆರಳಲ್ಲಿ ಒಣಗಿಸ್ತಾನೆ. ಆವಿಗೆ ಹೊತ್ತಿಸಿದ ಮೇಲೂ ಮೊದಲು ಸಣ್ಣ ಉರಿ. ನಿಧಾನಕ್ಕೆ ಏರಿಸಿ ಸುಮಾರು 1000 ಡಿಗ್ರಿಗೆ ತರ್ತಾನೆ. ಆಮೇಲೆ ಬೆಂಕಿ ಆರಿಸಿದ ತಕ್ಷಣ ಬಾಗಿಲು ತೆಗೆಯೋ ಹಾಗಿಲ್ಲ. ತಣ್ಣನೆ ಗಾಳಿ ತಾಗಿದರೆ ಬಿರುಕು ಬಿಡುತ್ತೆ. ಒಣಗೋಕೆ ಕಾಯಬೇಕು, ಸುಡೋಕೆ ಕಾಯಬೇಕು, ಆರೋಕೂ ಕಾಯಬೇಕು.

ತಮ್ಮಂದಿರೇ, ತಂಗಿಯರೇ, ನಮಗೆ ಎಲ್ಲ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರಬೇಕು. ಸೇವೆಯೂ ಹಾಗೇ. ಹೋದ ತಿಂಗಳು ರಕ್ಷಣೆ ಹೊಂದಿದ್ದೇನೆ, ಈ ತಿಂಗಳು ಮೈಕ್ ಬೇಕು. ಸಭೆಯವರೂ ಅದೇ ತಪ್ಪು ಮಾಡ್ತೀವಿ. ಚೆನ್ನಾಗಿ ಹಾಡ್ತಾನೆ ಅಂದ್ರೆ ಮೂರೇ ವಾರದಲ್ಲಿ ವೇದಿಕೆಗೆ ಏರಿಸ್ತೀವಿ. ಒಳಗೆ ಇನ್ನೂ ನೀರಿದೆಯಾ ಅಂತ ನೋಡಲ್ಲ. ಆಮೇಲೆ ಸಿಡಿದಾಗ "ಹಿಂಜರಿದುಬಿಟ್ಟ" ಅಂತ ಅವನನ್ನೇ ದೂರ್ತೀವಿ.

ಪೌಲನನ್ನು ನೋಡಿ. ದಮಸ್ಕದ ದಾರಿಯಲ್ಲಿ ಬೆಳಕು ಕಂಡ ಮೇಲೆ ಅರಬಸ್ಥಾನಕ್ಕೆ ಹೋದ, ಮೂರು ವರ್ಷದ ಮೇಲೆ ಯೆರೂಸಲೇಮಿಗೆ ಬಂದ ಅಂತ ಗಲಾತ್ಯ 1:17-18ರಲ್ಲಿ ತಾನೇ ಬರೀತಾನೆ. ನಮ್ಮ ಕರ್ತನೇ ಸುಮಾರು ಮೂವತ್ತು ವರ್ಷ ನಜರೇತಿನಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದನು. ನಿಮ್ಮನ್ನು ಯಾರೂ ಇನ್ನೂ ವೇದಿಕೆಗೆ ಕರೆದಿಲ್ಲ ಅಂದ್ರೆ ದೇವರು ನಿಮ್ಮನ್ನು ಮರೆತಿದ್ದಾನೆ ಅಂತಲ್ಲ. ನೆರಳಲ್ಲಿ ಒಣಗಲು ಇಟ್ಟಿರಬಹುದು.

2. ಒಳ್ಳೆ ಕುಂಬಾರ ಶಾಖ ಕೊಡ್ತಾನೆ, ಹೊಗೆ ತಾಗಿಸುವುದಿಲ್ಲ

ಇವತ್ತಿನ ಮುಖ್ಯ ಮಾತು ಇದು. ಇದೊಂದು ನೆನಪಿಟ್ಟುಕೊಂಡರೂ ಸಾಕು.

ಸಾಮಾನ್ಯ ಆವಿಗೆಯಲ್ಲಿ ಬೆಂಕಿ ಕೆಳಗೆ, ಪಾತ್ರೆ ಮೇಲೆ. ಜ್ವಾಲೆ, ಹೊಗೆ ಎಲ್ಲ ಪಾತ್ರೆಗಳ ನಡುವೆಯೇ ಹಾದು ಹೋಗುತ್ತೆ. ಹೊಗೆ ತಾಗಿದ ಕಡೆ ಮಣ್ಣು ಕಪ್ಪಾಗುತ್ತೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶಕ್ಕೆ ಒಳ್ಳೆ ಗಾಳಿ ಸಿಕ್ಕಿದರೆ ಕೆಂಪು, ಹೊಗೆ ಸಿಕ್ಕಿದರೆ ಕಪ್ಪು. ಈ ಕುಂಬಾರರಿಗೆ ಆ ಹೊಳೆಯುವ ಕೆಂಪು ಬಣ್ಣವೇ ಬೇಕಿತ್ತು. ಏನು ಮಾಡಿದರು ಗೊತ್ತಾ? ಆವಿಗೆಯ ಒಳಗೆ ಮಣ್ಣಿನ ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸಿ ನಿಲ್ಲಿಸಿದರು. ಬೆಂಕಿ, ಹೊಗೆ ಎರಡೂ ಆ ಕೊಳವೆಗಳ ಒಳಗಿಂದಲೇ ಮೇಲೆ ಹೋಗಬೇಕು. ಕೊಳವೆ ಕಾದು ಕೆಂಡವಾಗುತ್ತೆ, ಅದರ ಶಾಖ ಪಾತ್ರೆಗೆ ಸಿಗುತ್ತೆ. ಆದರೆ ಜ್ವಾಲೆಯ ನಾಲಿಗೆ ಪಾತ್ರೆಯನ್ನು ನೆಕ್ಕುವುದಿಲ್ಲ. ಎಂಥಾ ಎಚ್ಚರಿಕೆ ನೋಡಿ! ಪಾತ್ರೆಗೂ ಉರಿಗೂ ನಡುವೆ ಕುಂಬಾರ ತಾನು ಮಾಡಿದ ಇನ್ನೊಂದು ಮಣ್ಣನ್ನು ನಿಲ್ಲಿಸಿದ್ದಾನೆ. ಉರಿಯನ್ನು ಆ ಕೊಳವೆ ಹೊರುತ್ತೆ.

ನನಗೆ ಇಲ್ಲಿ ಶಿಲುಬೆ ಕಾಣುತ್ತೆ. ಮಣ್ಣಿನ ಶರೀರ ತಗೊಂಡು ನಮಗೂ ಉರಿಗೂ ನಡುವೆ ನಿಂತವನು ಒಬ್ಬನಿದ್ದಾನೆ. ಆಮೆನ್? ಆಮೆನ್.

ಈಗ ದಾನಿಯೇಲ 3ಕ್ಕೆ ಬನ್ನಿ. ಶದ್ರಕ್, ಮೇಶಕ್, ಅಬೇದ್ನೆಗೋ. ಅವರನ್ನು ಬೆಂಕಿಗೆ ಹಾಕಿದವರು ಯಾರು? ಜೋರಾಗಿ ಹೇಳಿ. ನೆಬೂಕದ್ನೆಚ್ಚರ! ದೇವರಲ್ಲ. ಆ ಆವಿಗೆ ಅಹಂಕಾರಿ ರಾಜನ ಆವಿಗೆ. ಏಳು ಪಟ್ಟು ಹೆಚ್ಚು ಉರಿಸಿದ್ದು ಅವನ ಸಿಟ್ಟು. ದೇವರು ಏನು ಮಾಡಿದನು? ಒಳಗೆ ಇಳಿದು ಅವರ ಜೊತೆ ನಡೆದನು. 27ನೇ ವಚನದಲ್ಲಿ ಎಲ್ಲ ಅಧಿಕಾರಿಗಳು ಬಂದು ಅವರನ್ನು ನೋಡ್ತಾರೆ. ಬೆಂಕಿಯ ವಾಸನೆ ಕೂಡ ಅವರಿಗೆ ತಾಗಿರಲಿಲ್ಲ. ಕೊಳವೆ ಇಟ್ಟ ಆವಿಗೆಯ ಪಾತ್ರೆಯ ಹಾಗೆ!

ಇನ್ನೊಂದು ಗಮನಿಸಿ. 26ನೇ ವಚನದಲ್ಲಿ ರಾಜ ಹೊರಗೆ ಬನ್ನಿ ಅಂದಾಗ ಅವರು ಬಂದರು. "ಇಲ್ಲ ರಾಜರೇ, ಇನ್ನೂ ಸ್ವಲ್ಪ ಹೊತ್ತು ಇರ್ತೀವಿ, ಪೂರ್ತಿ ಬೆಂದಿಲ್ಲ" ಅನ್ನಲಿಲ್ಲ. ಬಾಗಿಲು ತೆರೆದಾಗ ಹೊರಗೆ ಬರೋದು ಅವಿಶ್ವಾಸ ಅಲ್ಲ.

ಇದನ್ನೇ ಅಂದು ಆ ತಮ್ಮನಿಗೆ ನಾನು ಹೇಳಬೇಕಿತ್ತು. ಹೇಳಲಿಲ್ಲ.

ಎಲ್ಲ ಬೆಂಕಿಯೂ ದೇವರ ಆವಿಗೆಯಲ್ಲ ಪ್ರಿಯರೇ. ಕ್ರಿಸ್ತನ ಹೆಸರಿಗಾಗಿ ಬರುವ ಕಷ್ಟ ಇದೆ. ಅದನ್ನು ಪುಟಕ್ಕಿಡುವ ಬೆಂಕಿ ಅಂತ ಪೇತ್ರ ಬರೀತಾನೆ. 1 ಪೇತ್ರ 4:12ರಿಂದ ಓದಿ. ಅಲ್ಲಿಯೂ ಪೇತ್ರನು ಎಲ್ಲ ಕಷ್ಟವನ್ನೂ ಒಂದೇ ಚೀಲಕ್ಕೆ ತುಂಬುವುದಿಲ್ಲ. ಕ್ರೈಸ್ತನಾಗಿ ಪಡುವ ಬಾಧೆ ಬೇರೆ, ತಾನೇ ಮಾಡಿದ ತಪ್ಪಿನಿಂದ ಬರುವ ಬಾಧೆ ಬೇರೆ ಅಂತ ಬಿಡಿಸಿ ಹೇಳ್ತಾನೆ. ಇನ್ನೊಬ್ಬರ ಕ್ರೌರ್ಯದಿಂದ ಬರುವ ಬಾಧೆಯೂ ಇದೆ. ಅದರ ಲೆಕ್ಕವನ್ನು ದೇವರ ತಲೆಗೆ ಕಟ್ಟಬೇಡಿ.

ಆಫೀಸಲ್ಲಿ ನಿನ್ನನ್ನು ಮನುಷ್ಯನ ಹಾಗೆ ನಡೆಸಿಕೊಳ್ಳದವನ ಕೋಪ ದೇವರ ಆವಿಗೆಯಲ್ಲ. ಮದುವೆಯಾಗ್ತೀನಿ ಅಂತ ಹೇಳಿ ನಿನ್ನ ಫೋನ್, ನಿನ್ನ ಸಂಬಳ, ನಿನ್ನ ಗೆಳತಿಯರು ಎಲ್ಲವನ್ನೂ ಕಾವಲು ಕಾಯುವವನು ನಿನ್ನ ಕುಂಬಾರನಲ್ಲ ತಂಗಿ. ಮನೆಯಲ್ಲಿ ಕೈ ಎತ್ತುವವರು ಇದ್ದರೆ, "ಸಹಿಸ್ಕೋ, ಕರ್ತನು ನಿನ್ನನ್ನು ರೂಪಿಸ್ತಿದ್ದಾನೆ" ಅಂತ ಯಾರಾದರೂ ಹೇಳಿದರೆ, ಪಾಸ್ಟರೇ ಹೇಳಿದರೂ ಸರಿ, ನಂಬಬೇಡಿ. ನೆರವು ಕೇಳಿ. ದಾವೀದನು ಸೌಲನ ಈಟಿ ಬಂದಾಗ ಗೋಡೆಗೆ ಆತುಕೊಂಡು ನಿಂತು ಪ್ರಾರ್ಥನೆ ಮಾಡಲಿಲ್ಲ, ತಪ್ಪಿಸಿಕೊಂಡು ಓಡಿದ. ಪೌಲನನ್ನು ಪುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ನಜರೇತಿನವರು ಬೆಟ್ಟದಿಂದ ದಬ್ಬೋಕೆ ಹೊರಟಾಗ ಯೇಸುಸ್ವಾಮಿಯೇ ಅವರ ಮಧ್ಯದಿಂದ ಹಾದು ಹೋದನು. ಇನ್ನೊಂದು ಮಾತು: ನಿದ್ದೆ ಬರ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಇವತ್ತೇ ಯಾರಿಗಾದರೂ ಹೇಳಿ. ಡಾಕ್ಟರ್ ಹತ್ತಿರ ಹೋಗೋದು ವಿಶ್ವಾಸದ ಕೊರತೆ ಅಲ್ಲ. ಪ್ರಾರ್ಥನೆಯನ್ನೂ ಮಾಡ್ತೀವಿ, ನಿಮ್ಮ ಜೊತೆ ಆಸ್ಪತ್ರೆಗೂ ಬರ್ತೀವಿ.

3. ಒಂದೇ ಆವಿಗೆ, ಆದರೆ ಯಾರ ಹೆಸರೂ ಕಳೆದುಹೋಗಲಿಲ್ಲ

30,000 ಪಾತ್ರೆ ಒಬ್ಬ ಕುಂಬಾರ ಮಾಡಿದ್ದಲ್ಲ. ಬೇರೆ ಬೇರೆ ಮನೆಯವರು ತಂದು ಒಂದೇ ಆವಿಗೆಯಲ್ಲಿ ಇಡ್ತಿದ್ದರು. ಎಲ್ಲವೂ ಕೆಂಪು, ಎಲ್ಲವೂ ಹೆಚ್ಚುಕಡಿಮೆ ಒಂದೇ ಆಕಾರ. ಹಾಗಾದರೆ ಬೆಂಕಿ ಆರಿದ ಮೇಲೆ ಯಾರದು ಯಾವುದು? ಅದಕ್ಕೆ ಅವರು ಪಟ್ಟಿ ಬರೀತಿದ್ದರು. ಎಲ್ಲಿ? ಸುಡುವ ಮೊದಲು ಒಂದು ಹಸಿ ತಟ್ಟೆಯ ಮೇಲೆ ಮೊನೆಯಿಂದ ಗೀಚುತ್ತಿದ್ದರು. ಇದು ಎಷ್ಟನೆಯ ಆವಿಗೆ, ಯಾರ ಪಾತ್ರೆ, ಯಾವ ಬಗೆ, ಎಷ್ಟು. ಆಮೇಲೆ ಆ ತಟ್ಟೆಯನ್ನೂ ಸುಡುತ್ತಿದ್ದರು. ಅಂಥ ಪಟ್ಟಿಗಳ ತುಣುಕುಗಳು ನೂರಾರು ಸಿಕ್ಕಿವೆ. ಫೆಲಿಕ್ಸ್, ಆಲ್ಬಾನೋಸ್, ಮಸುಯೆಟೋಸ್, ಸುಮ್ಮಾಕೋಸ್ ಅನ್ನುವ ಹೆಸರುಗಳನ್ನು ಇವತ್ತಿಗೂ ಓದಬಹುದು. ಯಾವ ಚರಿತ್ರೆಯ ಪುಸ್ತಕದಲ್ಲೂ ಇವರ ಹೆಸರಿಲ್ಲ. ಕೈಗೆ ಮಣ್ಣು ಮೆತ್ತಿದ ಕೂಲಿ ಜನ. ಹಸಿ ಮಣ್ಣಿನ ಮೇಲೆ ಬರೆದದ್ದನ್ನು ನೀರು ಅಳಿಸಬಹುದಿತ್ತು. ಬೆಂಕಿಯೇ ಅದನ್ನು ಅಳಿಸಲಾಗದ ಹಾಗೆ ಮಾಡಿತು.

ಒಂದು ಸ್ವಾರಸ್ಯ ಹೇಳ್ತೀನಿ. ಆ ಪಟ್ಟಿಗಳಲ್ಲಿ ಹೆಚ್ಚಿನವು ಅಲ್ಲಿನ ಗಾಲ್ ಜನರ ಸ್ವಂತ ಭಾಷೆಯಲ್ಲಿವೆ. ಆ ಭಾಷೆ ಸತ್ತುಹೋಗಿ ಎಷ್ಟೋ ಕಾಲ ಆಯ್ತು. ಮೂರನೆಯದಕ್ಕೆ "ಟ್ರಿಟೋಸ್", ಎಂಟನೆಯದಕ್ಕೆ "ಒಕ್ಸ್ಟುಮೆಟೋಸ್", ಒಂಬತ್ತನೆಯದಕ್ಕೆ "ನಮೆಟೋಸ್", ಹತ್ತನೆಯದಕ್ಕೆ "ಡೆಕಮೆಟೋಸ್" ಅಂತಿದ್ದರು. ತೃತೀಯ, ಅಷ್ಟಮ, ನವಮ, ದಶಮ ಅಂತ ನಾವು ಸಂಸ್ಕೃತದಿಂದ ತಗೊಂಡ ಮಾತುಗಳ ದೂರದ ನೆಂಟರು! ಈ ಗಾಲ್ ಜನರ ರಕ್ತಸಂಬಂಧಿಗಳೇ ಕ್ರಿಸ್ತನಿಗೆ ಸುಮಾರು 300 ವರ್ಷ ಮೊದಲು ಇಂದಿನ ಟರ್ಕಿಗೆ ವಲಸೆ ಹೋಗಿ ನೆಲೆಸಿದರು. ಅವರ ಹೆಸರಿನಿಂದಲೇ ಆ ಸೀಮೆಗೆ ಗಲಾತ್ಯ ಅಂತ ಹೆಸರು ಬಂತು. ನಾವು ಓದುವ ಗಲಾತ್ಯದ ಪತ್ರಿಕೆಯ ಗಲಾತ್ಯ.

ಸಭೆ ಅಂದ್ರೆ ಇದೇ. ಒಂದೇ ಆವಿಗೆ. ವೈಟ್‌ಫೀಲ್ಡಿನಿಂದ ಕ್ಯಾಬಲ್ಲಿ ಬರುವವನೂ, ಡೆಲಿವರಿ ಬ್ಯಾಗ್ ಹೊರಗಿಟ್ಟು ಹಿಂದಿನ ಸಾಲಲ್ಲಿ ಕೂರುವವನೂ ಒಂದೇ ಶಾಖದಲ್ಲಿ ಇದ್ದೀರಿ. ದೊಡ್ಡ ಸಭೆಯಲ್ಲಿ ನನ್ನನ್ನು ಯಾರು ಗಮನಿಸ್ತಾರೆ ಅಂತ ಅನ್ನಿಸಬಹುದು. ಆವತ್ತು ಆ ತಮ್ಮನನ್ನು ನಾನು ಗಮನಿಸಲಿಲ್ಲ, ನಿಜ. ಆದರೆ ಯೆಶಾಯ 49:16 ನೋಡಿ. ಕರ್ತನು ತನ್ನ ಜನರನ್ನು ಎಲ್ಲಿ ಕೆತ್ತಿಕೊಂಡಿದ್ದಾನೆ? ತನ್ನ ಅಂಗೈಯಲ್ಲಿ. ಶಿಷ್ಯರು ದೆವ್ವಗಳು ನಮಗೆ ಅಧೀನವಾದವು ಅಂತ ಕುಣಿದಾಗ, ಅದಕ್ಕಿಂತ ನಿಮ್ಮ ಹೆಸರು ಪರಲೋಕದಲ್ಲಿ ಬರೆದಿರುವುದಕ್ಕೆ ಸಂತೋಷಪಡಿ ಅಂತ ಯೇಸು ಹೇಳಿದ್ದು ಲೂಕ 10:20ರಲ್ಲಿದೆ. ಕುಂಬಾರರು ಹೆಸರು ಬರೆದದ್ದು ಲೆಕ್ಕಕ್ಕೆ. ಕರ್ತನು ಬರೆದದ್ದು ಪ್ರೀತಿಗೆ.

4. ಬಿಸಾಡಿದ ಪಾತ್ರೆಗಳ ಗುಂಡಿ

ಈಗ ಕಷ್ಟದ ಭಾಗ. ಲಾ ಗ್ರೋಫಜಾಂಕ್‌ನಲ್ಲಿ ಆವಿಗೆ ಮಾತ್ರ ಸಿಗಲಿಲ್ಲ. ಗುಂಡಿಗಳೂ ಸಿಕ್ಕಿದವು. ಒಂದೊಂದರಲ್ಲಿ ಸಾವಿರಾರು ಪಾತ್ರೆ. ಬಣ್ಣ ಸರಿ ಬರಲಿಲ್ಲ, ಬಾಯಿ ಸೊಟ್ಟಗಾಯ್ತು, ಸೀಳಿತು. ಮಾರೋಕೆ ಆಗಲ್ಲ, ಬಿಸಾಡು.

ಬಿಸಾಡದೆ ಏನು ಮಾಡಬೇಕಿತ್ತು? ಹಸಿ ಮಣ್ಣಾದರೆ ಮತ್ತೆ ನೀರು ಹಾಕಿ ಕಲಸಬಹುದು. ಒಣಗಿದ್ದರೂ ಪರವಾಗಿಲ್ಲ, ನೆನೆಸಿದರೆ ಕರಗುತ್ತೆ. ಆದರೆ ಸುಮಾರು 600 ಡಿಗ್ರಿ ದಾಟಿದ ಮೇಲೆ ಮಣ್ಣು ಮತ್ತೆ ಮಣ್ಣಾಗಲ್ಲ. ಅದರ ಒಳಗಿನ ರಚನೆಯೇ ಬದಲಾಗಿರುತ್ತೆ. ವರ್ಷಗಟ್ಟಲೆ ನೀರಲ್ಲಿ ಹಾಕಿ, ಬೋಕಿ ಬೋಕಿಯಾಗಿಯೇ ಇರುತ್ತೆ.

ಈಗ ಯೆರೆಮೀಯ 18 ಮತ್ತು 19ರಲ್ಲಿ ಇಟ್ಟ ಬೆರಳು ತೆಗೆಯಿರಿ. 18ರಲ್ಲಿ ಪಾತ್ರೆ ಕುಂಬಾರನ ಕೈಯಲ್ಲಿ ಕೆಟ್ಟುಹೋಗುತ್ತೆ, ಅವನು ಅದೇ ಮಣ್ಣಿನಿಂದ ಇನ್ನೊಂದನ್ನು ಮಾಡ್ತಾನೆ. ಇದನ್ನು ನಾವು ಎಷ್ಟು ಸಲ ಬೋಧಿಸಿದ್ದೀವಿ! 19ನ್ನು ಬೋಧಿಸೋದು ಕಡಿಮೆ. ಅಲ್ಲಿ ದೇವರು ಸುಟ್ಟ ಕೊಡವನ್ನು ಕೊಂಡುಕೊಂಡು ಹಿನ್ನೋಮ್ ಕಣಿವೆಗೆ ಹೋಗಿ ಎಲ್ಲರ ಕಣ್ಣೆದುರು ಒಡೆಯೋಕೆ ಹೇಳ್ತಾನೆ. ಮತ್ತೆ ಸರಿಮಾಡಲಾಗದ ಹಾಗೆ. ಒಂದು ಹಸಿ ಮಣ್ಣು, ಒಂದು ಸುಟ್ಟ ಮಣ್ಣು. ಎರಡೂ ಸತ್ಯ. ಪಶ್ಚಾತ್ತಾಪಕ್ಕೆ ಕರೆಯುವಾಗ ಹಸಿಯಾಗಿರುವಾಗಲೇ ಬನ್ನಿ. "ಆಮೇಲೆ ನೋಡೋಣ" ಅಂತ ಗಟ್ಟಿಯಾಗಬೇಡಿ.

"ಪಾಸ್ಟರ್, ನಾನು ಆಗಲೇ ಗಟ್ಟಿಯಾಗಿ, ಒಡೆದು, ಗುಂಡಿಗೆ ಬಿದ್ದಾಗಿದೆ. ನನಗೇನು?" ಅಂತ ಕೇಳುವವರು ಇಲ್ಲಿ ಇದ್ದೀರಿ ಅಂತ ನನಗೆ ಗೊತ್ತು. ನಿಮಗಾಗಿ ಮತ್ತಾಯ 27. ಯೂದನು ಮೂವತ್ತು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ಹೋದ. ಅದು ರಕ್ತದ ಬೆಲೆ, ಕಾಣಿಕೆ ಪೆಟ್ಟಿಗೆಗೆ ಹಾಕೋ ಹಾಗಿಲ್ಲ. ಯಾಜಕರು ಆಲೋಚಿಸಿ ಆ ಹಣದಿಂದ ಏನು ಕೊಂಡರು? ಕುಂಬಾರನ ಹೊಲ. ಯಾರಿಗೋಸ್ಕರ? ಪರದೇಶಿಗಳನ್ನು ಹೂಳೋಕೆ. ಆ ಹೊಲ ಇದ್ದದ್ದು ಅದೇ ಹಿನ್ನೋಮ್ ಕಣಿವೆಯಲ್ಲಿ ಅಂತ ಪುರಾತನ ಕ್ರೈಸ್ತ ಪರಂಪರೆ ಹೇಳುತ್ತೆ.

ಸ್ವಲ್ಪ ನಿಲ್ಲಿ. ಯೆರೆಮೀಯನು ಕೊಡ ಒಡೆದ ಕಣಿವೆ. ಸರಿಮಾಡಲಾಗದ ಚೂರುಗಳ ಕಣಿವೆ. ಯೇಸುವಿನ ರಕ್ತದ ಬೆಲೆಯಿಂದ ಕೊಂಡದ್ದು ಅರಮನೆಯಲ್ಲ, ದ್ರಾಕ್ಷಾತೋಟವೂ ಅಲ್ಲ, ಕುಂಬಾರನ ಹೊಲ! ಯಾರಿಗೂ ಬೇಡವಾದವರಿಗೆ ಜಾಗ. ಯಾಜಕರಿಗೆ ತಾವು ಏನು ಮಾಡ್ತಿದ್ದೀವಿ ಅಂತ ಗೊತ್ತಿರಲಿಲ್ಲ. ಆದರೆ ಆ ಹೊಲವನ್ನು ನೋಡಿದಾಗೆಲ್ಲ ನನಗೆ ಸುವಾರ್ತೆಯೇ ಕಾಣುತ್ತೆ. ಸುಟ್ಟ ಬೋಕಿಯನ್ನು ಹಸಿ ಮಣ್ಣು ಮಾಡೋಕೆ ಲೋಕದ ಯಾವ ಕುಂಬಾರನಿಂದಲೂ ಆಗಲ್ಲ. ಅದಕ್ಕೆ ರಿಪೇರಿ ಸಾಲದು, ಹೊಸ ಸೃಷ್ಟಿಯೇ ಬೇಕು. 2 ಕೊರಿಂಥ 5:17 ಹೇಳೋದು ಅದನ್ನೇ. ಮಣ್ಣಿನಿಂದ ಮೊದಲು ಮನುಷ್ಯನನ್ನು ಮಾಡಿದವನಿಗೆ, ಸಮಾಧಿಯಿಂದ ಕ್ರಿಸ್ತನನ್ನು ಎಬ್ಬಿಸಿದವನಿಗೆ, ನಿನ್ನ ಚೂರುಗಳು ದೊಡ್ಡ ಸಮಸ್ಯೆಯಲ್ಲ. ಹಲ್ಲೆಲೂಯಾ!

ಇನ್ನೊಂದು ಮಾತು. ಚೆನ್ನಾಗಿ ಬಂದ ತಟ್ಟೆಗಳು ಮಾರಾಟವಾಗಿ, ಊಟಕ್ಕೆ ಬಳಕೆಯಾಗಿ ದೇಶದೇಶದಲ್ಲಿ ಒಡೆದುಹೋದವು. ಬೇಡ ಅಂತ ಬಿಸಾಡಿದವು ಗುಂಡಿಯಲ್ಲಿ ಉಳಿದವು. ಇವತ್ತು ವಿದ್ವಾಂಸರು ಆ ಕುಂಬಾರರ ಬಗ್ಗೆ ಕಲಿಯುವುದರಲ್ಲಿ ಬಹಳಷ್ಟು ಬಿಸಾಡಿದ ಪಾತ್ರೆಗಳಿಂದಲೇ. ಮಿಯೋ ಊರಿನ ಮ್ಯೂಸಿಯಮ್ಮಿನಲ್ಲಿ ಅವಕ್ಕೆ ಗೌರವದ ಜಾಗ ಸಿಕ್ಕಿದೆ.

ಕೊನೆಯ ಮಾತು

ಇದನ್ನೆಲ್ಲ ಓದಿದ ಮೇಲೆ ನಾನು ಬಸ್ ಹತ್ತಿ ಆ ತಮ್ಮನ ಊರಿಗೆ ಹೋದೆ. ಅವನ ಅಮ್ಮ ಕಾಫಿ ಕೊಟ್ಟರು, ಮಾತಾಡಲಿಲ್ಲ. ನಾನು ಅವನಿಗೆ, "ತಮ್ಮಾ, ಅದು ದೇವರ ಆವಿಗೆ ಅಂತ ಹೇಳಿದ್ದು ನನ್ನ ತಪ್ಪು. ಕೇಳದೆ ಹೇಳಿದೆ. ಕ್ಷಮಿಸು" ಅಂದೆ. ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, "ನೀವು ಹೇಳಿದ್ದಕ್ಕಿಂತ, ದೇವರೇ ನನ್ನನ್ನ ಅಲ್ಲಿಟ್ಟ ಅಂತ ಅಂದ್ಕೊಂಡಿದ್ದೇ ಜಾಸ್ತಿ ನೋವಾಗಿದ್ದು ಪಾಸ್ಟರ್" ಅಂದ.

ಅವನು ಇನ್ನೂ ಯಾವ ಸಭೆಗೂ ಹೋಗ್ತಿಲ್ಲ. ಚಂದದ ಸಾಕ್ಷಿಯಾಗಿ ಇದನ್ನು ಮುಗಿಸೋಕೆ ನನ್ನಿಂದ ಆಗಲ್ಲ. ಚಿಕಿತ್ಸೆ ತಗೊಳ್ತಿದ್ದಾನೆ, ಊರಲ್ಲೇ ಒಂದು ಕೆಲಸ ಸಿಕ್ಕಿದೆ, ನಾನು ಫೋನ್ ಮಾಡಿದರೆ ಎತ್ತುತ್ತಾನೆ. ಪ್ರಾರ್ಥನೆ ಮಾಡ್ತಿದ್ದೀನಿ. ನೀವೂ ಮಾಡಿ. ಅಂದಿನಿಂದ ನಾನೊಂದು ನಿಯಮ ಮಾಡಿಕೊಂಡಿದ್ದೇನೆ: ಯಾರಾದರೂ "ಕಷ್ಟ" ಅಂದರೆ, ತಲೆ ಮೇಲೆ ಕೈಯಿಡುವ ಮೊದಲು "ಏನಾಯ್ತು?" ಅಂತ ಕೇಳ್ತೀನಿ. ನೀವೂ ನಿಮ್ಮ ಗೆಳೆಯರಿಗೆ ವಚನ ಫಾರ್ವರ್ಡ್ ಮಾಡುವ ಮೊದಲು ಅದನ್ನೇ ಕೇಳಿ.

ಸೆಲ್ ಗ್ರೂಪಿನಲ್ಲಿ ಚರ್ಚಿಸಲು

1. ಯೆರೆಮೀಯ 18 ಮತ್ತು 19ನ್ನು ಒಟ್ಟಿಗೆ ಓದಿ. ಎರಡು ಪಾತ್ರೆಗಳ ನಡುವೆ ಏನು ವ್ಯತ್ಯಾಸ? ನಿಮ್ಮ ಬದುಕಿನ ಯಾವ ಭಾಗ ಇನ್ನೂ ಹಸಿಯಾಗಿದೆ?
2. ನೀವು "ದೇವರ ಪರೀಕ್ಷೆ" ಅಂದುಕೊಂಡದ್ದು ಮನುಷ್ಯರ ಅನ್ಯಾಯವಾಗಿತ್ತು ಅಂತ ಆಮೇಲೆ ಗೊತ್ತಾದದ್ದುಂಟಾ? ಹೇಗೆ ಗೊತ್ತಾಯ್ತು? ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ.
3. ದಾನಿಯೇಲ 3ರಲ್ಲಿ ದೇವರು ಬೆಂಕಿಯನ್ನು ಆರಿಸಲಿಲ್ಲ, ಒಳಗೆ ಬಂದನು. ಇದರಿಂದ ನಿಮ್ಮ ಪ್ರಾರ್ಥನೆ ಹೇಗೆ ಬದಲಾಗಬೇಕು?
4. ಈ ವಾರ ಸಭೆಯಲ್ಲಿ ಯಾರನ್ನು ನೀವು ಹೆಸರು ಹಿಡಿದು ವಿಚಾರಿಸುತ್ತೀರಿ?

ಪ್ರಾರ್ಥಿಸೋಣ. ಕಣ್ಣು ಮುಚ್ಚಿ.

ಪರಲೋಕದ ತಂದೆಯೇ, ನಾವು ಮಣ್ಣು, ನೀನು ನಮ್ಮ ಕುಂಬಾರನು. ನಿನ್ನ ಕೈಯಲ್ಲಿ ನಮಗೆ ಭಯವಿಲ್ಲ. ಆದರೆ ನಿನ್ನದಲ್ಲದ ಬೆಂಕಿಯಲ್ಲಿ ಇವತ್ತು ಬೇಯುತ್ತಿರುವ ಮಕ್ಕಳು ಇಲ್ಲಿದ್ದಾರೆ. ಅವರಿಗೆ ಬಾಗಿಲು ತೆರೆ. ಹೊರಗೆ ಬರುವ ಧೈರ್ಯ ಕೊಡು, ಕೈ ಹಿಡಿಯುವ ಜನರನ್ನು ಕೊಡು. ಒಡೆದುಹೋದೆ ಅಂದುಕೊಂಡವರಿಗೆ, ನಿನ್ನ ಮಗನ ರಕ್ತದ ಬೆಲೆ ಕುಂಬಾರನ ಹೊಲದವರೆಗೂ ಮುಟ್ಟಿದೆ ಅಂತ ನೆನಪಿಸು. ಮಾತಾಡುವ ಮೊದಲು ಕೇಳುವ ಕಿವಿಯನ್ನು ನಿನ್ನ ಸೇವಕರಾದ ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.